ನೋವಿಗೊಂದು ಹೆಸರು ಸಿಕ್ಕ ಮೇಲೆ

‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂದು ಮನೆಯ ಹಿರಿಯರು ತಳ್ಳಿಹಾಕುತ್ತಿದ್ದ ನನ್ನ ಮುಟ್ಟಿನ ನೋವಿಗೆ ಎಂಡೊಮೆಟ್ರಿಯೋಸಿಸ್ ಎಂಬ ಹೆಸರಿದೆಯೆಂದು ತಿಳಿದದ್ದು 9 ವರ್ಷಗಳ ನಂತರ, ಅದೂ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ತೂರಿಸಿ ಒಳಗೆ ನೋಡುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಆದ ಮೇಲೆ. ಅದಕ್ಕೂ ಮೊದಲಿನ ಸ್ಕ್ಯಾನಿಂಗ್ ವರದಿಗಳಲ್ಲಿ ಎಲ್ಲವೂ ಸಹಜವೆಂದೇ ಬರೆದಿತ್ತು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕರುಳು ಮುಂತಾದೆಡೆ ಬೆಳೆದು, ಉರಿಯೂತವನ್ನುಂಟುಮಾಡಿ, ಕೆಲವೊಮ್ಮೆ ಅಂಗಗಳನ್ನೇ ಒಂದಕ್ಕೊಂದು ಅಂಟಿಸಿಬಿಡುವ ಈ ಕಾಯಿಲೆ ಸಂತಾನೋತ್ಪತ್ತಿಯ ವಯಸ್ಸಿನ ಸುಮಾರು ಶೇ. 10ರಷ್ಟು ಮಹಿಳೆಯರನ್ನು ಕಾಡುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾರ್ಮೋನ್ ಮಾತ್ರೆ ನನ್ನ ನೋವನ್ನು ತಗ್ಗಿಸಿದೆ, ರೋಗವನ್ನು ಗುಣಪಡಿಸಿಲ್ಲ. ಶೌಚಕ್ಕೆ ಕುಳಿತರೂ ಚೂರಿಯಿಂದ ಇರಿದಂತಾಗುವ ದಿನಗಳಲ್ಲಿ (ಬರೆಯಲು ಸಂಕೋಚವೇ, ಆದರೆ ನಾನು ವೈದ್ಯರಿಂದ ವರ್ಷಗಟ್ಟಲೆ ಮುಚ್ಚಿಟ್ಟದ್ದೂ ಇದನ್ನೇ) ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡೇ ಕಚೇರಿಯ ಕೆಲಸ ಮುಗಿಸುತ್ತೇನೆ.