ಅವನ ಕೈ ಏನು ಮಾಡುತ್ತಿದೆ?

ನಾನು ಮೆಲ್ಬರ್ನ್‌ನಲ್ಲಿ ಕಣ್ಣು ಕಾಣದವರಿಗಾಗಿ ಚಿತ್ರಗಳ ವಿವರಣೆ ಬರೆಯುತ್ತೇನೆ. ಅದನ್ನು ರೆಕಾರ್ಡ್ ಮಾಡುತ್ತೇವೆ, ಅವರು ಚಿತ್ರದ ಮುಂದೆ ನಿಂತು ಇಯರ್‌ಫೋನ್‌ನಲ್ಲಿ ಕೇಳುತ್ತಾರೆ. ಈ ಕೆಲಸದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಆಸ್ಟ್ರೇಲಿಯಾದ ಚಿತ್ರಕಾರ ಫ್ರೆಡರಿಕ್ ಮೆಕ್‌ಕಬಿನ್ 1904ರಲ್ಲಿ ಬರೆದ 'ದಿ ಪಯನಿಯರ್', ಅಂದರೆ ಹೊಸ ಜಾಗಕ್ಕೆ ಮೊದಲು ಬಂದು ನೆಲೆಸಿದವನು. ಮೂರು ಭಾಗಗಳ ಚಿತ್ರ, ಅಗಲವೇ ಸುಮಾರು 3 ಮೀಟರ್.

ಮೊದಲ ಸಲ 'ಕಾಡು ಕಡಿದು ಬದುಕು ಕಟ್ಟಿದ ಶ್ರಮಜೀವಿಗಳು' ಅಂತ ಶುರು ಮಾಡಿದ್ದೆ. ಅದನ್ನು ಕೇಳಿದ ಹಿರಿಯರೊಬ್ಬರು, ಮರಗೆಲಸ ಮಾಡಿ ನಿವೃತ್ತರಾದವರು, ಒಂದೇ ಮಾತು ಕೇಳಿದರು: ಅವನ ಕೈ ಏನು ಮಾಡುತ್ತಿದೆ? ನನ್ನ ಹತ್ತಿರ ಉತ್ತರ ಇರಲಿಲ್ಲ.

ಮತ್ತೆ ಹೋಗಿ ನಿಂತೆ. ಎಡ ಭಾಗದಲ್ಲಿ ದಟ್ಟ ಕಾಡು, ಮುಂದೆ ಹೆಂಗಸು ಯೋಚಿಸುತ್ತಾ ಕೂತಿದ್ದಾಳೆ, ಹಿಂದೆ ಗಾಡಿಯ ಹತ್ತಿರ ಗಂಡ ಬೆಂಕಿ ಹಚ್ಚುತ್ತಿದ್ದಾನೆ. ನಡುವೆ ಅವನು ಕಡಿದ ದಿಮ್ಮಿಯ ಮೇಲೆ ಕೂತಿದ್ದಾನೆ, ಅವಳ ಕಂಕುಳಲ್ಲಿ ಮಗು, ಮರಗಳ ಸಂದಿಯಲ್ಲಿ ಗುಡಿಸಲು. ಬಲಕ್ಕೆ ಒಬ್ಬ ಯುವಕ ಮೊಣಕಾಲೂರಿ ಒಂದು ಸಮಾಧಿಯನ್ನು ನೋಡುತ್ತಿದ್ದಾನೆ, ದೂರದಲ್ಲಿ ಊರು ಬೆಳೆದಿದೆ. ಮೂರರಲ್ಲೂ ಯಾರೂ ಮರ ಕಡಿಯುತ್ತಿಲ್ಲ! ಕಡಿದದ್ದೆಲ್ಲ ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವಿನ ವರ್ಷಗಳಲ್ಲಿ ಆಗಿಹೋಗಿದೆ, ನಮಗೆ ಸಿಗುವುದು ಬಿದ್ದ ದಿಮ್ಮಿ, ತೆರೆದುಕೊಂಡ ಜಾಗ, ಸುಸ್ತಾದ ಮೈ, ಅಷ್ಟೇ.

ಟಾಮ್ ರಾಬರ್ಟ್ಸ್ 1886ರಲ್ಲಿ ಬರೆದ ಇದ್ದಿಲು ಸುಡುವವರ ಚಿತ್ರ ಹಾಗಲ್ಲ. ಅಲ್ಲಿ ಮೂವರು ಮರ ಸೀಳಿ ಒಟ್ಟುವ ಕೆಲಸದಲ್ಲಿದ್ದಾರೆ. ಇದ್ದಿಲಿಗೆ ಕಟ್ಟಿಗೆ ಒತ್ತೊತ್ತಾಗಿ ಜೋಡಿಸಬೇಕು, ಗಾಳಿ ಜಾಸ್ತಿ ನುಗ್ಗಿದರೆ ಸುಟ್ಟು ಬರೀ ಬೂದಿ. ಅದನ್ನು 'ಕಷ್ಟದ ಕೆಲಸ' ಅಂತ ಸುಮ್ನೆ ಹೇಳಿದರೆ ಕೇಳುವವರಿಗೆ ಏನೂ ಸಿಗಲ್ಲ, ಅಲ್ವಾ?

ಹಾಗಾಗಿ ಈಗ ಮೊದಲು ಮೈಭಂಗಿ ಬರೆಯುತ್ತೇನೆ, ಆಮೇಲೆ ಸಾಮಾನು, ಕೊನೆಗೆ ಬೇಕಿದ್ದರೆ ಅರ್ಥ. ಮೊದಲ ವಿವರಣೆಯಲ್ಲಿದ್ದ 'ಯಾರೂ ಇಲ್ಲದ ಕಾಡು' ಅನ್ನುವ ಮಾತನ್ನೂ ಹೊಡೆದುಹಾಕಿದೆ. ಮೆಕ್‌ಕಬಿನ್ ಇದನ್ನು ಬರೆದ ಮೌಂಟ್ ಮ್ಯಾಸಿಡನ್ ಸುತ್ತ ವುರುಂಡ್ಜೆರಿ ಮತ್ತಿತರ ಮೂಲನಿವಾಸಿಗಳು ಎಷ್ಟೋ ಸಾವಿರ ವರ್ಷಗಳಿಂದ ಇದ್ದರು. ಚಿತ್ರದಲ್ಲಿ ಅವರಿಲ್ಲ, ಅದನ್ನೂ ಹೇಳಲೇಬೇಕು.

ಹೊಸ ವಿವರಣೆ ಹೀಗೆ ಶುರುವಾಗುತ್ತದೆ: 'ಒಬ್ಬ ಗಂಡಸು ಕೆಲಸ ನಿಲ್ಲಿಸಿ, ತಾನೇ ಉರುಳಿಸಿದ ಮರದ ಮೇಲೆ ಕೂತಿದ್ದಾನೆ.' ಅದೇ ಹಿರಿಯರಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದಿಮ್ಮಿ ಎಷ್ಟು ದಪ್ಪ ಇದೆ ಅಂತ ಕೇಳಿದರು. ಅವರ ಎರಡೂ ಕೈ ಹಿಡಿದು ಅಗಲಿಸಿ ತೋರಿಸಿದೆ.