ಐದು ಬಸ್ಸು, ಒಂದು ಓಟು

ಇವತ್ತು ಜೋಹ್ರಾನ್ ಮಮ್ದಾನಿ ನ್ಯೂಯಾರ್ಕ್ ರಾಜ್ಯದ ಅಸೆಂಬ್ಲಿಯಲ್ಲಿ ಶಾಸಕರಾಗಿದ್ದಾಗಿನ ಲೆಕ್ಕ ತೆಗೆದು ಕೂತೆ. ಅವರು ನಿಂತಿದ್ದ 2025ರ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಎದುರಾಳಿಗಳದ್ದು ಒಂದೇ ಪಲ್ಲವಿ: "ಅಸೆಂಬ್ಲಿಯಲ್ಲಿ ಎಷ್ಟು ಮಸೂದೆ ಪಾಸ್ ಮಾಡಿಸಿದ್ದೀಯಪ್ಪಾ?"

ಬೆರಳೆಣಿಕೆಯಷ್ಟೇ. ನಿಜ.

ಆದ್ರೆ ಅವರು ಪಟ್ಟು ಹಿಡಿದಿದ್ದ ಉಚಿತ ಬಸ್ ಪ್ರಯೋಗ ಬಂದಿದ್ದು ಮಸೂದೆಯ ದಾರಿಯಲ್ಲಲ್ಲ, 2023ರ ರಾಜ್ಯ ಬಜೆಟ್ಟಿನ ಒಳಗೆ ತೂರಿಕೊಂಡು. ನ್ಯೂಯಾರ್ಕ್ ನಗರದ ಐದು ಬರೋಗಳಿಗೆ (ಆಡಳಿತ ವಿಭಾಗಗಳಿಗೆ) ತಲಾ ಒಂದು ಮಾರ್ಗ. ಕ್ವೀನ್ಸ್‌ಗೆ ಕ್ಯೂ4, ಬ್ರೂಕ್ಲಿನ್‌ಗೆ ಬಿ60. ಆಗ ಟಿಕೆಟ್ 2.90 ಡಾಲರ್. ವಾರದ ದಿನಗಳಲ್ಲಿ ಜನ ಸುಮಾರು 30% ಹೆಚ್ಚಾದ್ರು, ವಾರಾಂತ್ಯದಲ್ಲಿ 38%.

ಬಸ್ ಮಾತ್ರ ಬೇಗ ಓಡಲಿಲ್ಲ. ಟಿಕೆಟ್ ರಗಳೆ ತಪ್ಪಿದ್ರೂ, ಹತ್ತೋರು ಇಳಿಯೋರೇ ಜಾಸ್ತಿಯಾದ್ರೆ ಸ್ಟಾಪಲ್ಲಿ ನಿಲ್ಲಲೇಬೇಕಲ್ಲ! ಬೇಗ ಓಡಬೇಕಂದ್ರೆ ಬಸ್ಸಿಗೇ ಅಂತ ಪ್ರತ್ಯೇಕ ಲೇನ್ ಬೇಕು. ಮಾರನೇ ವರ್ಷದ ಬಜೆಟ್ಟಲ್ಲಿ ದುಡ್ಡು ಮುಂದುವರಿಯಲಿಲ್ಲ, 2024ರ ಆಗಸ್ಟ್‌ಗೆ ಆಟ ಮುಗೀತು.

ಮೇಯರ್ ಆದ್ರೆ ಬಸ್ ಉಚಿತ, ಶ್ರೀಮಂತರಿಗೆ ಹೆಚ್ಚು ತೆರಿಗೆ, ಬಾಡಿಗೆ ಏರಿಕೆಗೆ ತಡೆ ಅಂತ ಮಮ್ದಾನಿ ಹೇಳಿದ್ರು. ತಮಾಷೆ ಅಂದ್ರೆ, ಬಸ್ ಓಡಿಸೋ ಸಾರಿಗೆ ಸಂಸ್ಥೆ ಎಂಟಿಎ ಮೇಯರ್ ಕೈಲಿಲ್ಲ, ಅದು ರಾಜ್ಯದ್ದು. ಶ್ರೀಮಂತರ ಆದಾಯ ತೆರಿಗೆ ಏರಿಸಬೇಕಂದ್ರೂ ರಾಜ್ಯದ ರಾಜಧಾನಿ ಆಲ್ಬನಿಗೇ ಹೋಗ್ಬೇಕು. ಬಾಡಿಗೆ ಮಾತ್ರ ಬೇರೆ: ಸುಮಾರು 10 ಲಕ್ಷ ನಿಯಂತ್ರಿತ ಮನೆಗಳ ದರ ನಿರ್ಧರಿಸೋ ಒಂಬತ್ತು ಜನರ ಮಂಡಳಿಯನ್ನ ನೇಮಿಸೋದು ಮೇಯರೇ.

ಬಿಎಂಟಿಸಿ ಕಂಡವರಿಗೆ ಇದೇನು ಹೊಸದಲ್ಲ ಬಿಡಿ. 'ಶಕ್ತಿ' ಕೊಟ್ಟಿದ್ದೂ ವಿಧಾನಸೌಧವೇ, ಪಾಲಿಕೆ ಅಲ್ಲ.

ಕೊನೆಗೆ ಜನ ಮಮ್ದಾನಿಯವರನ್ನ ಗೆಲ್ಲಿಸಿದ್ರು. ಕ್ಯೂ4 ಹತ್ತಿದವರಲ್ಲಿ ಎಷ್ಟು ಮಂದಿ ಓಟು ಹಾಕಿರಬಹುದು ಅಂತ ಸುಮ್ನೆ ಯೋಚಿಸ್ತಿದ್ದೆ.