ಮಾವನ ಚಿತ್ರಗಳಲ್ಲಿ ಕಾಲಿಲ್ಲ

"ಬರುವುದಾದರೆ ಮಳೆಗಾಲದಲ್ಲಿ ಬಾ ಮಾರಾಯ, ಕಾಲು ಜಾಸ್ತಿ ಕಾಣ್ತದೆ" ಎಂದು ಮಾವ ಫೋನಿನಲ್ಲಿ ಹೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಮಳೆಗಾಲದಲ್ಲಿ ಮುಂಬೈಗೆ ಹೋಗಬೇಡ ಎನ್ನುವವರೇ ಎಲ್ಲ. ಹಳಿ ಮೇಲೆ ನೀರು, ಲೋಕಲ್ ಬಂದ್, ಛತ್ರಿ ಇದ್ದೂ ಇಲ್ಲದ ಹಾಗೆ. ಆದರೂ ಜುಲೈಯಲ್ಲಿ ಮೂರು ದಿನ ರಜೆ ಹಾಕಿ ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ.

ನಾನು ಇಲ್ಲಿನ ಒಂದು ಸೊಸೈಟಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವನು. ಭಾನುವಾರ ಜಲವರ್ಣ ಹಿಡಿಯುತ್ತೇನೆ. ಹಿಡಿಯುತ್ತೇನೆ ಅನ್ನುವುದಕ್ಕಿಂತ, ಹಿಡಿಯಬೇಕು ಅಂದುಕೊಳ್ಳುತ್ತೇನೆ. ಒಂದು ಭಾನುವಾರ ಮದುವೆ, ಇನ್ನೊಂದು ಭಾನುವಾರ ತೋಟದ ಕೆಲಸ, ಮತ್ತೊಂದು ಭಾನುವಾರ ಸುಮ್ನೆ ಸೋಮಾರಿತನ. 300 ಜಿಎಸ್ಎಂನ ದಪ್ಪ ಕಾಗದ ದುಬಾರಿ ಅಂತ ಕಪಾಟಿನಲ್ಲಿ ಜೋಪಾನ ಮಾಡಿದ್ದೆ. ಅದರ ಅಂಚು ಹಳದಿಯಾಗುತ್ತಾ ಬಂದಿತ್ತು. ಅದನ್ನೂ ಬಣ್ಣದ ಪೆಟ್ಟಿಗೆಯನ್ನೂ ಚೀಲಕ್ಕೆ ಹಾಕಿಕೊಂಡೆ.

ಕೊಂಕಣ ರೈಲಿನ ದಾರಿಯ ಬಗ್ಗೆ ಬರೆಯದವರಿಲ್ಲ, ಹಾಗಾಗಿ ನಾನು ಬಿಡುತ್ತೇನೆ. ಕಾರವಾರದವರೆಗೆ ಕಿಟಕಿ, ಆಮೇಲೆ ಕತ್ತಲೆ. ರತ್ನಾಗಿರಿ ಹತ್ತಿರದ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗವನ್ನು ಈ ಸಲವೂ ನಿದ್ದೆಯಲ್ಲೇ ದಾಟಿದೆ. ಬೆಳಿಗ್ಗೆ ಠಾಣೆಯಲ್ಲಿ ಇಳಿದು ಮಾವನ ಮನೆಗೆ, ಡೊಂಬಿವಲಿ ಕಡೆಗೆ ಲೋಕಲ್ ಹಿಡಿದೆ. ಆ ಹೊತ್ತಿಗೆ ಊರಿಗೆ ಊರೇ ಮುಂಬೈ ಕಡೆಗೆ ಹೋಗುತ್ತದೆ. ನಾನು ಉಲ್ಟಾ, ಆದ್ದರಿಂದ ಸೀಟು ಸಿಕ್ಕಿತು. ಎದುರಿನ ಹಳಿಯಲ್ಲಿ ಬರುವ ಗಾಡಿಗಳ ಬಾಗಿಲು ತುಂಬ ಬರೀ ತಲೆ, ಕೈ, ಬೆನ್ನಿಗಿರಬೇಕಾದ ಚೀಲ ಹೊಟ್ಟೆಗೆ.

ಮಾವ 1979ರಲ್ಲಿ ಮುಂಬೈಗೆ ಬಂದವರು. ಮೊದಲು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆದರು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು, ಆಮೇಲೆ ಮಸೀದಿ ಬಂದರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆದರು. ನಮ್ಮ ಕಡೆಯ ಎಷ್ಟೋ ಜನರ ಕತೆ ಇದೇ. ಇವರದ್ದರಲ್ಲಿ ಒಂದೇ ವ್ಯತ್ಯಾಸ ಅಂದರೆ ಮಂಚದಡಿಯ ಟ್ರಂಕು. ಅದರಲ್ಲಿ ಮೂವತ್ತೆಂಟು ಪಾಕೆಟ್ ಡೈರಿಗಳಿವೆ. ವ್ಯಾಪಾರಿಗಳು ದೀಪಾವಳಿಗೆ ಪುಕ್ಕಟೆ ಕೊಡುತ್ತಾರಲ್ಲ, ಅಂಥವು. ಒಂದರಲ್ಲೂ ಲೆಕ್ಕ ಇಲ್ಲ. ಎಲ್ಲ ಪುಟದಲ್ಲೂ ಬಾಲ್‌ಪೆನ್ನಿನ ಚಿತ್ರ.

ಅತ್ತೆ ಚಹಾ ಕೊಡುತ್ತಾ, "ಮನೆಯಲ್ಲಿ ಕೂತು ಬಿಡಿಸ್ಲಿಕ್ಕೆ ಆಗುದಿಲ್ಲ ಇವರಿಗೆ. ಮನೆ ಅಲುಗಾಡುದಿಲ್ಲ ಅಲ್ವಾ?" ಎಂದರು.

ನಾನು ನೆಲದಲ್ಲಿ ಕೂತು ಒಂದೊಂದೇ ತೆಗೆದು ನೋಡಿದೆ. ಕೈಹಿಡಿ ಹಿಡಿದ ಮುಂಗೈಗಳು. ಗಲ್ಲ ಎದೆಗೆ ಬಿದ್ದು ನಿದ್ದೆ ಹೋದವರು. ತಾಳ ಹಿಡಿದ ಭಜನೆಯವರು. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತು ಅರ್ಧ ನೇತಾಡುವವನು. ಗೆರೆ ನಡುಗಿದ್ದು ಚೆನ್ನಾಗಿ ಕಾಣುತ್ತಿತ್ತು, ಆ ನಡುಕವೇ ಅದಕ್ಕೆ ಜೀವ. ನಾಲ್ಕನೆಯದೋ ಐದನೆಯದೋ ಡೈರಿಯಲ್ಲಿ ನನಗೆ ಹೊಳೆಯಿತು. ಯಾರಿಗೂ ಕಾಲಿಲ್ಲ! ಎಲ್ಲರೂ ಎದೆಗೋ ಸೊಂಟಕ್ಕೋ ಮುಗಿದುಹೋಗುತ್ತಿದ್ದರು.

"ಆಫೀಸ್ ಟೈಮಿನ ಲೋಕಲ್‌ನಲ್ಲಿ ಕಾಲು ಎಲ್ಲಿ ಕಾಣ್ತದೆ? ನನ್ನ ಕಾಲೇ ನನಗೆ ಕಾಣ್ತಿರಲಿಲ್ಲ" ಎಂದರು ಮಾವ. ಈಗ ನಿವೃತ್ತಿಯಾಗಿ ಪುರುಸೊತ್ತು ಬಂದಿದೆ. ಪೂರ್ತಿ ಮನುಷ್ಯನನ್ನು ಬಿಡಿಸೋಣ ಅಂತ ಕೂತರೆ ಸೊಂಟದ ಕೆಳಗೆ ಕೈ ಓಡುವುದಿಲ್ಲವಂತೆ. ಮಳೆಗಾಲದಲ್ಲಿ ಎಲ್ಲರೂ ಪ್ಯಾಂಟ್ ಮಡಚಿ, ಪ್ಲಾಸ್ಟಿಕ್ ಚಪ್ಪಲಿ ಹಾಕಿ ಓಡಾಡುತ್ತಾರಲ್ಲ, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತರೆ ಮೊಣಕಾಲಿನಿಂದ ಬೆರಳಿನವರೆಗೆ ಎಷ್ಟು ಬೇಕೋ ಅಷ್ಟು ಕಾಲು. ನನ್ನನ್ನು ಜುಲೈಯಲ್ಲಿ ಕರೆದದ್ದು ಇದಕ್ಕೆ.

ಮಾರನೇ ದಿನ ಬೇಕೆಂದೇ ಎಂಟು ಗಂಟೆಯ ಫಾಸ್ಟ್ ಹತ್ತಿದೆವು. ಮಾವನಿಗೆ ಹಳೆಯ ಅಭ್ಯಾಸವನ್ನು ನನಗೆ ತೋರಿಸಬೇಕಿತ್ತು. ನನ್ನ ಎರಡೂ ಕೈ ಮೇಲಿನ ಕಂಬಿಯಲ್ಲಿ. ಮಾವ ಮಾತ್ರ ಬಾಗಿಲ ಪಕ್ಕದ ತಗಡಿಗೆ ಬೆನ್ನು ಕೊಟ್ಟು, ಡೈರಿಯನ್ನು ಎದೆಗೆ ಒತ್ತಿ ಹಿಡಿದು ಶುರು ಮಾಡಿದರು. ಕಾಗದ ನೋಡುವುದೇ ಇಲ್ಲ. ಕಣ್ಣು ಆ ಮನುಷ್ಯನ ಕಿವಿಯಿಂದ ಹೊರಟು ದವಡೆಗೆ ಇಳಿದ ಹಾಗೆ ಪೆನ್ನೂ ಇಳಿಯುತ್ತದೆ. ಗಾಡಿ ಹಳಿ ಬದಲಿಸಿ ಒಂದು ಏಟು ಕೊಟ್ಟಾಗ ಪೆನ್ನು ಎತ್ತುವುದಿಲ್ಲ, ಒತ್ತಡ ಮಾತ್ರ ಕಡಿಮೆ ಮಾಡುತ್ತಾರೆ. ಶಾಯಿ ಪೆನ್ನು ಕೂಡದು, ಬೆವರಿನ ಕೈ ತಾಗಿದರೆ ಹರಡುತ್ತದೆ. ಪೆನ್ಸಿಲ್ ಕೂಡದು, ತುದಿ ಯಾರದ್ದಾದರೂ ಬೆನ್ನಿಗೆ ಚುಚ್ಚಿ ಜಗಳವಾಗುತ್ತದೆ. ನಿದ್ದೆ ಮಾಡುವವರೇ ಒಳ್ಳೆಯ ಮಾಡೆಲ್, ತಮ್ಮ ಸ್ಟೇಷನ್ ಬರುವವರೆಗೆ ಅಲುಗಾಡುವುದಿಲ್ಲ. ಎಚ್ಚರ ಇರುವವನು ನೋಡಿಬಿಟ್ಟರೆ? ಪುಟ ಹರಿದು ಅವನಿಗೇ ಕೊಟ್ಟುಬಿಡುವುದು. ಹಾಗೆ ಹೋದ ಪುಟಗಳೇ ಇನ್ನೊಂದು ಟ್ರಂಕು ತುಂಬಬಹುದು ಎಂದು ನಕ್ಕರು.

ಠಾಣೆ ದಾಟಿದರೆ ಸಿಗುವ ಪಾರ್ಸಿಕ್ ರೈಲು ಸುರಂಗದ ಸುದ್ದಿಯನ್ನೂ ಅವರೇ ಹೇಳಿದ್ದು. 1916ರಲ್ಲಿ ತೆರೆದದ್ದು, ಒಂದು ಕಿಲೋಮೀಟರಿಗಿಂತ ಉದ್ದ. ಮೊದಲು ಫಾಸ್ಟ್ ಲೋಕಲ್‌ಗಳು ಅದರೊಳಗೆ ಹೋಗುತ್ತಿದ್ದವು. ಒಳಗೆ ಹೊಕ್ಕ ಕೂಡಲೇ ಕಿಟಕಿಯ ಬೆಳಕು ನಿಂತು ತಲೆಯ ಮೇಲಿನ ದೀಪದ ಬೆಳಕು ಮಾತ್ರ. ಕೆನ್ನೆಯ ಮೇಲಿದ್ದ ನೆರಳು ಮೂಗಿನಡಿಗೆ, ಹುಬ್ಬಿನಡಿಗೆ ಇಳಿಯುತ್ತದೆ. ಅದೇ ಮನುಷ್ಯ ಎರಡು ನಿಮಿಷ ಬೇರೆಯವನಾಗುತ್ತಾನೆ. ಒಂದು ಡೈರಿಯಲ್ಲಿ ಹಾಗೆ ಎದುರುಬದುರು ಪುಟದಲ್ಲಿ ಒಬ್ಬನದೇ ಎರಡು ಮುಖ ಇದ್ದದ್ದು ಆಗ ನೆನಪಾಯಿತು. ಅಣ್ಣತಮ್ಮ ಅಂದುಕೊಂಡಿದ್ದೆ.

ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿದು ಕಾಲಾ ಘೋಡಾಕ್ಕೆ ನಡೆದೆವು. ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಕೂತಿದ್ದ ಹಳೆಯ ಕರಿಕುದುರೆಯ ಪ್ರತಿಮೆಯನ್ನು 1965ರಲ್ಲೇ ಬೈಕುಲಾದ ರಾಣಿಬಾಗ್ ಮೃಗಾಲಯಕ್ಕೆ ಸಾಗಿಸಿದ್ದಾರೆ. ಈಗ ಇರುವುದು 2017ರಲ್ಲಿ ನಿಲ್ಲಿಸಿದ ಹೊಸದು, ಸವಾರ ಇಲ್ಲ. ಮಾವನಿಗೆ ಅದರ ಮೇಲೆ ಬಹಳ ಪ್ರೀತಿ. "ನಾಲ್ಕು ಕಾಲು, ಒಂದೂ ಅಲುಗಾಡುದಿಲ್ಲ" ಎಂದು ಎದುರಿನ ಕಟ್ಟೆಯಲ್ಲಿ ಕೂತೇಬಿಟ್ಟರು.

ನಾನು ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿ ಬಂದೆ. 1952ರ ಕಟ್ಟಡ. ಇಲ್ಲಿ ಪ್ರದರ್ಶನಕ್ಕೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕು. ಒಳಗಿನ ದೊಡ್ಡ ಕ್ಯಾನ್ವಾಸುಗಳು ನಿಜ ಹೇಳಬೇಕೆಂದರೆ ನನಗೆ ಅಷ್ಟು ಹತ್ತಲಿಲ್ಲ. ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ತೂಗುಹಾಕಿ, ಪ್ಲಾಸ್ಟಿಕ್ ಹೊದಿಸಿ, ಮಳೆ ನಿಲ್ಲುವುದನ್ನು ಕಾಯುತ್ತಿದ್ದವರ ಬಳಿಯೇ ಜಾಸ್ತಿ ಹೊತ್ತು ನಿಂತೆ. ಮಾವ ಯಾವತ್ತೂ ಎಲ್ಲೂ ಅರ್ಜಿ ಹಾಕಿದವರಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಡೈರಿಯನ್ನು ಗೋಡೆಗೆ ನೇತು ಹಾಕ್ತಾರಾ?" ಎಂದು ಕೇಳಿದರು.

ಆದರೆ ಚಿತ್ರಕಾರ ಕೆ.ಕೆ. ಹೆಬ್ಬಾರರ ಮಾತು ಬಂದರೆ ಮಾವ ಎದ್ದು ಕೂರುತ್ತಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿದವರು. ಲಯ ಅಂದರೇನು ಎಂದು ತಿಳಿಯಲು ಕಥಕ್ ನೃತ್ಯವನ್ನೇ ಕಲಿತರು. ಅವರು ಬರೀ ಗೆರೆಯಲ್ಲಿ ಬಿಡಿಸಿದ ನರ್ತಕಿಯರ ಒಂದು ಹಳೆಯ ಮುದ್ರಿತ ಚಿತ್ರ ಮಾವನ ಡೈರಿಯೊಳಗೆ ಮಡಚಿಕೊಂಡಿದೆ. ಅದನ್ನು ತೊಡೆಯ ಮೇಲೆ ಬಿಡಿಸಿ, "ಕಾಲು ನೋಡು. ಎರಡೇ ಗೆರೆ. ಆದರೆ ಭಾರ ಯಾವ ಕಾಲಿನ ಮೇಲೆ ಉಂಟು ಅಂತ ಗೊತ್ತಾಗ್ತದೆ" ಎಂದು ಬೆರಳಿಟ್ಟು ತೋರಿಸಿದರು. ಮಾವ ಬಿಡಿಸಿದ ಕುದುರೆಯ ಕಾಲುಗಳನ್ನು ನಾನು ಕದ್ದು ನೋಡಿದೆ. ಮೇಜಿನ ಕಾಲಿನ ಹಾಗಿದ್ದವು.

ನನ್ನ ಕತೆ ಅದಕ್ಕಿಂತ ಕಡೆ. ಓವಲ್ ಮೈದಾನದ ಅಂಚಿನಲ್ಲಿ, ಮರದ ಕೆಳಗೆ, ಕೊನೆಗೂ ಆ ದುಬಾರಿ ಕಾಗದ ಹೊರಬಂತು. ಎದುರಿಗೆ ರಾಜಾಬಾಯಿ ಗಡಿಯಾರ ಗೋಪುರ. 1878ರದ್ದು, ಸುಮಾರು 85 ಮೀಟರ್ ಎತ್ತರ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣ ಸೇರಿಸಿದರೆ ಮುಂಬೈ ಮೋಡದ ಬೂದು ಬಣ್ಣ ತಾನಾಗಿ ಸಿಗುತ್ತದೆ. ಆಕಾಶ ಚೆನ್ನಾಗಿ ಬಂತು. ನಮ್ಮೂರಲ್ಲಿ ಬೇಸಿಗೆಯಲ್ಲಿ ಐದು ನಿಮಿಷಕ್ಕೆ ಒಣಗುವ ಬಣ್ಣ ಇಲ್ಲಿ ಅರ್ಧ ಗಂಟೆಯಾದರೂ ಮಿಣಮಿಣ ಅನ್ನುತ್ತಲೇ ಇತ್ತು. ಕಾಯಬೇಕಿತ್ತು, ಕಾಯಲಿಲ್ಲ. ಗೋಪುರದ ಬಣ್ಣ ಇಟ್ಟದ್ದೇ ತಡ, ಆಕಾಶಕ್ಕೆ ಹಬ್ಬಿ ಹೂಕೋಸಿನ ಹಾಗೆ ಅರಳಿತು. ಅದರ ಮೇಲೆ ಮರದಿಂದ ನಾಲ್ಕು ದಪ್ಪ ಹನಿ. ಮಾವ ಶೇಂಗಾ ತಿನ್ನುತ್ತಾ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶೇಂಗಾದ ಪೊಟ್ಟಣ ಬಿಚ್ಚಿ, ಆ ಕಾಗದವನ್ನು ನನ್ನ ಕಡೆ ಚಾಚಿದರು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಇನ್ನೂ ಆರು ಬಿಡಿಸಿದೆ. ಆರನೆಯದು ಪರವಾಗಿಲ್ಲ.

ಊಟಕ್ಕೆ ಮಾಟುಂಗ. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇರುವುದು. ಬಾಳೆಲೆ, ಅನ್ನ, ಸಾರು. ಬಡಿಸುವವನು ಬಂದು ಹೋಗುವಷ್ಟರಲ್ಲಿ ಮಾವ ಅವನ ಬರಿಗಾಲನ್ನು ಎಡಗೈಯಲ್ಲಿ ಬಿಡಿಸಲು ನೋಡಿದರು. ಬಲಗೈ ಸಾರಿನಲ್ಲಿತ್ತಲ್ಲ.

ಮೂರನೇ ದಿನ ಮಧ್ಯಾಹ್ನದ ಗಾಡಿಗೆ ಕುರ್ಲಾಕ್ಕೆ ಹೊರಟೆವು. ಆ ಹೊತ್ತಿನ ಲೋಕಲ್ ಅರ್ಧ ಖಾಲಿ. ಎದುರುಬದುರು ಸೀಟು ಸಿಕ್ಕಿತು. ಪ್ಯಾಂಟ್ ಒದ್ದೆಯಾಗಿತ್ತು, ಮಡಚಿ ಕೂತೆ. ಮುಂಬ್ರಾ ದಾಟಿದ್ದು ಗೊತ್ತು, ಆಮೇಲೆ ನಿದ್ದೆ. ಮಾವ ಎಬ್ಬಿಸಿದಾಗ ಕುರ್ಲಾ. ಟರ್ಮಿನಸ್‌ನಲ್ಲಿ ಅತ್ತೆ ಕೊಟ್ಟ ಬುತ್ತಿಯ ಜೊತೆ ಹರಿದ ಒಂದು ಪುಟವನ್ನೂ ಚೀಲಕ್ಕೆ ತುರುಕಿದರು. "ಈಗ ನೋಡಬೇಡ."

ಪನ್ವೇಲ್ ಕಳೆದ ಮೇಲೆ ತೆಗೆದೆ. ನಾನೇ. ಬಾಯಿ ತೆರೆದು ಮಲಗಿದ್ದೆ, ಅದನ್ನು ಬಿಡೋಣ. ಮಡಚಿದ ಪ್ಯಾಂಟು, ಅದರ ಕೆಳಗೆ ಎರಡು ಕಾಲು, ಸೀಟಿನಡಿಗೆ ಸರಿದ ಒಂದು ಚಪ್ಪಲಿ. ಪೂರ್ತಿ ಮನುಷ್ಯ. ಎಡಗಾಲು ನೆಲಕ್ಕೆ ಭಾರ ಬಿಟ್ಟದ್ದು ನಿಜವಾಗಿಯೂ ತಿಳಿಯುತ್ತಿತ್ತು. ಬಲಗಾಲಿನಲ್ಲಿ ಏನೋ ಸರಿಯಿಲ್ಲ ಅನಿಸಿ ಎಣಿಸಿದೆ. ಆರು ಬೆರಳು. ಇನ್ನೊಮ್ಮೆ ಎಣಿಸಿದೆ, ಆರೇ.

ಮಾವನಿಗೆ ಫೋನ್ ಮಾಡಿದೆ.

"ಗೊತ್ತುಂಟು ಮಾರಾಯ" ಎಂದರು. "ಅಷ್ಟರಲ್ಲಿ ಕುರ್ಲಾ ಬಂತಲ್ವಾ?"